ಬ್ಲ್ಯಾಕ್‌ಬೆರಿ ಎಂಟಡಿ ಬೆಳೆದರೂ ಹೂ ಇಲ್ಲ, ರಾಸ್ಪ್‌ಬೆರಿ ಎಲೆ ಹಳದಿ (ಬೆಳಗಾವಿ)

ಟಿಳಕವಾಡಿ_ಹಿತ್ತಲ

ಎಲ್ಲರಿಗೂ ನಮಸ್ಕಾರ. ಹಿತ್ತಲದಲ್ಲಿ ಎರಡು ಬ್ಲ್ಯಾಕ್‌ಬೆರಿ, ಮಾಳಿಗೆ ಮೇಲೆ ಎರಡು ರಾಸ್ಪ್‌ಬೆರಿ ಗಿಡ ಇವೆ. ತಳಿ ಯಾವುದೆಂದು ನರ್ಸರಿಯವರು ಹೇಳಿಲ್ಲ.

ಬ್ಲ್ಯಾಕ್‌ಬೆರಿ ಕೆಂಪು ಮಣ್ಣಿನ ನೆಲದಲ್ಲಿ, ಕಂಪೌಂಡ್ ಗೋಡೆಗೆ ಹತ್ತಿ. ಇದು ಮೂರನೇ ವರ್ಷ. ಟೊಂಗೆ ಎಂಟಡಿ ಹೋಗುತ್ತವೆ, ಎಲೆ ದಟ್ಟ ಹಸಿರು, ಇವತ್ತಿನವರೆಗೆ ಒಂದು ಮೊಗ್ಗಿಲ್ಲ. ಪ್ರತಿ ಜನವರಿಗೆ ಮಾಲಿ ಬುಡ ಬಿಟ್ಟು ಎಲ್ಲ ಕತ್ತರಿಸುತ್ತಾರೆ.

ರಾಸ್ಪ್‌ಬೆರಿ 12 ಇಂಚಿನ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಹಳೆ ಎಲೆಗಳ ಅಂಚು ಸುಟ್ಟ ಹಾಗೆ. ಬೋರ್ ನೀರು ಹಾಕುತ್ತೇವೆ. ಎರೆಹುಳು ಗೊಬ್ಬರ, ಒಲೆ ಬೂದಿ, ತತ್ತಿ ಸಿಪ್ಪೆ ಪುಡಿ ಕೊಟ್ಟಾಗಿದೆ. ಏನು ತಪ್ಪಾಗಿದೆ? ಇಲ್ಲಿಯ ಹವೆಗೆ ಇವು ಹಣ್ಣು ಕೊಡುತ್ತವೆಯೋ ಇಲ್ಲವೋ?

ಇಂಡಿ_ದ್ರಾಕ್ಷಿಪಡ

ಅಕ್ಕಾರ, ಹೂ ಬರಲಾರದ್ದಕ್ಕ ಎರಡು ಕಾರಣ ಅವ. ಮೊದಲನೇದು ಆ ಜನವರಿ ಕತ್ತರಿ.

ಬ್ಲ್ಯಾಕ್‌ಬೆರಿ ಬೇರು ವರ್ಷಾನುಗಟ್ಲೆ ಬದುಕ್ತದ, ಟೊಂಗಿ ಆಯುಷ್ಯ ಎರಡೇ ವರ್ಷ. ಈ ವರ್ಷ ಬುಡದಿಂದ ಎದ್ದ ಟೊಂಗಿ ಬರೇ ಉದ್ದ ಬೆಳೀತದ. ಮುಂದಿನ ವರ್ಷ ಅದೇ ಟೊಂಗಿ ಪಕ್ಕದ ಕಣ್ಣಿನಿಂದ ಗಿಡ್ಡ ಚಿಗುರು ಬಿಟ್ಟು, ಅದರ ತುದಿಗೆ ಹೂ-ಹಣ್ಣು ಕೊಟ್ಟು ಒಣಗ್ತದ. ದ್ರಾಕ್ಷಿ ಮಾಡೋರಿಗೆ ಇದು ಲಗೂ ತಿಳೀತದ: ಏಪ್ರಿಲ್ ಚಾಟ್ನಿ (ಕಡ್ಡಿ ಕತ್ತರಿಸೋದು) ಆದ ಮ್ಯಾಲೆ ಬಂದ ಕಡ್ಡಿ ಕಣ್ಣಿನೊಳಗ ಗೊನಿ ತಯಾರಾಗ್ತದ, ಅಕ್ಟೋಬರ್ ಚಾಟ್ನಿಗೆ ಹೊರಗ ಬರ್ತದ. ಅಕ್ಟೋಬರ್‌ದಾಗ ಆ ಕಡ್ಡೀನೇ ಬುಡಕ್ಕ ಕಡಿದ್ರ ಗೊನಿ ಎಲ್ಲಿಂದ ಬರಬೇಕು? ನಿಮ್ಮ ಗಿಡದಾಗ ಮೂರು ವರ್ಷ ಆಗಿದ್ದು ಇದೇ. ದ್ರಾಕ್ಷಿಗೂ ಇದಕ್ಕೂ ಒಂದು ಫರಕ ಅದ: ಹಣ್ಣು ಕೊಟ್ಟ ಬ್ಲ್ಯಾಕ್‌ಬೆರಿ ಟೊಂಗಿ ಮತ್ತ ಚಿಗಿಯಂಗಿಲ್ಲ. ಅದನ್ನಷ್ಟೇ ನೆಲಮಟ್ಟಕ್ಕ ತಗೀಬೇಕು.

ಎರಡನ್ನ ಗುರುತು ಹಿಡಿಯೋದು ಕಲೀರಿ. ಹೊಸಾ ಟೊಂಗಿ ಹಸರು ಇಲ್ಲಾ ಕೆಂಪು ಛಾಯೆದ್ದು, ಮೆತ್ತಗ ಇರ್ತದ, ಎಲಿ ಸಾಮಾನ್ಯವಾಗಿ ಐದು ದಳದ್ದು. ಹಳೇದು ಕಂದು, ಗಡಸು; ಅದರ ಪಕ್ಕದ ಚಿಗುರಿನ ಎಲಿ ಹೆಚ್ಚಾಗಿ ಮೂರು ದಳದ್ದು. ಸಂಶಯ ಬರಬಾರದಂದ್ರ ಹೊಸಾ ಟೊಂಗಿ ಎದ್ದ ಕೂಡಲೇ ಬುಡಕ್ಕ ಬಣ್ಣದ ದಾರ ಕಟ್ರಿ, ಪ್ರತಿ ವರ್ಷ ಬ್ಯಾರೆ ಬಣ್ಣ. ಕತ್ತರಿ ಯಾರ ಕೈಯಾಗ ಇದ್ರೂ ತಪ್ಪಂಗಿಲ್ಲ.

ಹೊಸಾ ಟೊಂಗಿ ಮೂರೂವರಿ ಅಡಿ ಆದಾಗ ತುದಿ ಎರಡು-ಮೂರು ಇಂಚು ಚಿವುಟಬೇಕು. ಉಗುರಿಗೆ ಮುರಿಯುವಷ್ಟು ಎಳೇದು ಇದ್ದಾಗಲೇ, ಮಳಿ ಇಲ್ಲದ ದಿನ. ತಡಾ ಮಾಡಿ ಗಟ್ಟಿ ಕಡ್ಡಿ ಕತ್ತರಿಸಿದ್ರ ಗಾಯ ದೊಡ್ಡದಾಗ್ತದ, ಮಳಿಗಾಲದಾಗ ಅಲ್ಲಿಂದ ಕೆಳಗ ಕೊಳಕೋತ ಇಳೀತದ. ಚಿವುಟಿದ ಮ್ಯಾಲೆ ಪಕ್ಕಕ್ಕ ಟೊಂಗಿ ಒಡೀತಾವ. ಫಸಲು ಇರೋದು ಅವುಗಳ ಮ್ಯಾಲೆ. ಒಂದು ಬುಡಕ್ಕ ನಾಕೈದು ಗಟ್ಟಿ ಟೊಂಗಿ ಸಾಕು, ಉಳಿದದ್ದು ತಗೀರಿ. ಆಧಾರಕ್ಕ ಎರಡು ಕಂಬ, 3 ಅಡಿ ಎತ್ತರಕ್ಕೊಂದು, 5 ಅಡಿ ಎತ್ತರಕ್ಕೊಂದು ಜಿಐ ತಂತಿ. ಗೋಡೆಯಿಂದ ಎರಡಡಿ ದೂರ ಇರಲಿ, ಕಾದ ಗೋಡೆಗೆ ಹತ್ತಿದ್ರ ಗಾಳಿ ಆಡಂಗಿಲ್ಲ, ಕೆಂಪು ನುಸಿ ಬರ್ತದ.

ಎರಡನೇ ಕಾರಣ ಚಳಿ. ಮಾಮೂಲಿ ಬ್ಲ್ಯಾಕ್‌ಬೆರಿ ಕಣ್ಣು ಸರಿಯಾಗಿ ಒಡೀಬೇಕಂದ್ರ 7 ಡಿಗ್ರಿಕಿಂತ ಕೆಳಗಿನ ಚಳಿ ತಳಿ ಪ್ರಕಾರ 200ರಿಂದ 900 ತಾಸು ಬೇಕು. ಕೆಂಪು ರಾಸ್ಪ್‌ಬೆರಿ ಹಳೇ ತಳಿಗಳಿಗೆ 800ಕ್ಕೂ ಹೆಚ್ಚು. ಬೆಳಗಾವಿ ಚಳಿಗಾಲದ ರಾತ್ರಿ ಸಾಮಾನ್ಯ 13-15 ಡಿಗ್ರಿ, ಲೆಕ್ಕಕ್ಕ ಬರೂ ಚಳಿ ಇಲ್ಲೇ ಇಲ್ಲ ಅನ್ರಿ. ಮೆಕ್ಸಿಕೋದ ಮಿಚೋಕಾನ್ ಸೀಮಿಯಾಗೂ ಚಳಿ ಕಮ್ಮಿ, ಆದ್ರೂ ಅಲ್ಲಿ ಬ್ರೆಜಿಲ್‌ನ 'ಟುಪಿ' ತಳಿ ಎಲಿ ಉದುರಿಸಿ, ಚಾಟ್ನಿ ಮಾಡಿ ಫಸಲು ತಗೀತಾರ. ಅದನ್ನೇ ಸಣ್ಣದಾಗಿ ಮನ್ಯಾಗ ಮಾಡಬಹುದು. ನವೆಂಬರ್ ಮೊದಲ ವಾರದಿಂದ ನೀರು ಅರ್ಧ ಮಾಡ್ರಿ. ಮೂರು ವಾರ ಬಿಟ್ಟು ಟೊಂಗಿ ಮ್ಯಾಲಿನ ಎಲ್ಲಾ ಎಲಿ ಕೈಲೆ ತಗೀರಿ. ತೊಟ್ಟು ಮ್ಯಾಲಕ್ಕೆತ್ತಿ ಮುರೀರಿ, ಕೆಳಕ್ಕ ಜಗ್ಗಿದ್ರ ಕಣ್ಣು ಕಿತ್ತು ಬರ್ತದ. ಪಕ್ಕದ ಟೊಂಗಿಗಳನ್ನ ಒಂದಡಿಗೆ ಕತ್ತರಿಸಿ, ಮತ್ತ ಪೂರ್ತಿ ನೀರು, ಗೊಬ್ಬರ ಚಾಲೂ ಮಾಡ್ರಿ. ಎಲ್ಲಾ ಕಣ್ಣು ಒಡೆಯಂಗಿಲ್ಲ. ಕಮ್ಮಿ ಚಳಿ ಬೇಡುವ ತಳಿ ಆಗಿದ್ರ ಸಾಕಷ್ಟು ಒಡೀತಾವ.

ದ್ರಾಕ್ಷಿಗೆ ಕಣ್ಣು ಒಡೆಸಾಕ ಹಚ್ಚುವ ಹೈಡ್ರೋಜನ್ ಸಯನಮೈಡ್ ಇದಕ್ಕೂ ಹಚ್ಚೋಣು ಅಂತ ಯಾರರ ಹೇಳಿದ್ರ ಬ್ಯಾಡ ಅನ್ರಿ. ಚರ್ಮ ಸುಡ್ತದ, ಹಚ್ಚಿದಾಗ ಶೆರೆ ಕುಡಿದ್ರ ಜೀವಕ್ಕೇ ಅಪಾಯ. ಮನಿ ಹಿತ್ತಲಿಗೆ ಬರೂ ಔಷಧ ಅಲ್ಲ ಅದು.

ಹೊಸದಾಗಿ ಹಚ್ಚೋದಾದ್ರ ಮೊದಲ ವರ್ಷದ ಟೊಂಗಿ ತುದಿಗೇ ಹೂ ಬಿಡುವ ತಳಿ ಹುಡುಕ್ರಿ. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದ 'ಪ್ರೈಮ್-ಆರ್ಕ್' ಸಾಲಿನವು ಅಂಥಾವು. ಆ ಫಸಲಿಗೆ ಚಳಿ ಬೇಕಾಗಿಲ್ಲ. ಅಂಥ ಗಿಡ ಮಾತ್ರ ಬುಡಕ್ಕ ಕತ್ತರಿಸಬಹುದು, ಅದೂ ಜೂನ್ ಮೊದಲ ವಾರದಾಗ. ಆಗಸ್ಟ್‌ದಾಗ ಒಮ್ಮೆ ಚಿವುಟಿದ್ರ ಹೂ ಅಕ್ಟೋಬರ್ ಕೊನಿ-ನವೆಂಬರ್‌ಕ್ಕ ಬೀಳ್ತದ. ಹೂವಿನ ಹೊತ್ತಿನಾಗ ಹಗಲು 30 ಡಿಗ್ರಿ ದಾಟಿದ್ರ ಕಾಯಿ ಸರಿ ಕಟ್ಟಂಗಿಲ್ಲ, ಅರ್ಧ ಕಾಳು ಖಾಲಿ ಇರ್ತಾವ. ಅದಕ್ಕ ಈ ಲೆಕ್ಕ.

ನವನಗರ_ಮಣ್ಣು

ಮೇಲಿನವರು ಬ್ಲ್ಯಾಕ್‌ಬೆರಿ ಬಗ್ಗೆ ಬರೆದಿದ್ದಾರೆ, ನಾನು ರಾಸ್ಪ್‌ಬೆರಿ ಬಗ್ಗೆ ಬರೆಯುತ್ತೇನೆ.

ಹೊಸ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣದ ಕೊರತೆ. ಕುಂಡದಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಗಿಡಕ್ಕೆ ಸಿಗುತ್ತಿಲ್ಲ. ಈ ಜಾತಿಗೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5 ಬೇಕು. ಗಡಸು ಬೋರ್ ನೀರಿನ ಬೈಕಾರ್ಬೊನೇಟ್ ಅದನ್ನು ದಿನದಿನಕ್ಕೆ ಮೇಲೇರಿಸುತ್ತದೆ. ಬೂದಿ ಮತ್ತು ತತ್ತಿ ಸಿಪ್ಪೆ ಎರಡೂ ಸುಣ್ಣದ ಕೆಲಸ ಮಾಡುತ್ತವೆ, ಇವತ್ತೇ ನಿಲ್ಲಿಸಿ. ನಮ್ಮ ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನಲ್ಲಿ ಪಿಎಚ್ 8ರ ಮೇಲೆ, ಜೊತೆಗೆ ಸುಣ್ಣದ ಹರಳು. ಅಂಥ ನೆಲದಲ್ಲಿ ಗಂಧಕ ಸುರಿದು ಪಿಎಚ್ ಇಳಿಸಲು ಹೋಗುವುದು ದುಡ್ಡು ದಂಡ, ಸುಣ್ಣ ಎಲ್ಲವನ್ನೂ ನುಂಗಿಬಿಡುತ್ತದೆ. ಇಲ್ಲಿಯವರು ಕುಂಡದಲ್ಲೋ ಕಟ್ಟೆ ಕಟ್ಟಿದ ಮಡಿಯಲ್ಲೋ ಬೇರೆ ಮಣ್ಣು ತುಂಬಿಯೇ ಬೆಳೆಸಬೇಕು.

ತುರ್ತು ಉಪಾಯಕ್ಕೆ ಕಬ್ಬಿಣದ ಚೀಲೇಟ್ (ಕಬ್ಬಿಣವನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುವ ಪುಡಿ) ಹಾಕಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಇಡಿಟಿಎ. ಸುಣ್ಣದ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಹಿಡಿದಿಡುವುದಿಲ್ಲ. ಇಡಿಡಿಎಚ್ಎ ಎಂದು ಬರೆದ ಪೊಟ್ಟಣ ಕೇಳಿ. ನೀರಿಗೆ ಹಾಕಿದರೆ ದಾಳಿಂಬೆ ರಸದ ಹಾಗೆ ಕಡುಗೆಂಪಾಗುತ್ತದೆ, ಗುರುತು ಅದು. ಕುಂಡಕ್ಕೆ 2 ಗ್ರಾಂ, ಒಂದು ಲೀಟರ್ ನೀರಿನಲ್ಲಿ, ಸಂಜೆ ಬುಡಕ್ಕೆ. ಸಿಗದಿದ್ದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಎಲೆಗೆ ಸಿಂಪಡಿಸಿ. ಹಳದಿಯಾದ ಹಳೆ ಎಲೆ ಪೂರ್ತಿ ಹಸಿರಾಗದಿದ್ದರೂ ಚಿಂತೆ ಬೇಡ, ಹೊಸ ಚಿಗುರಿನ ಬಣ್ಣ ನೋಡಿ.

ಎಲೆ ಅಂಚು ಸುಟ್ಟಿರುವುದು ಬೇರೆ ವಿಷಯ: ಉಪ್ಪು ಮತ್ತು ಬೇರಿನ ಕಾವು. ಈ ಗಿಡಗಳು ಉಪ್ಪು ಸ್ವಲ್ಪವೂ ತಾಳುವುದಿಲ್ಲ. ಮಣ್ಣಿನ ಲವಣಾಂಶ ಮೀಟರಿಗೆ 1.5 ಡೆಸಿ ಸೀಮೆನ್ಸ್ (ಉಪ್ಪಿನ ಅಳತೆ) ದಾಟಿದರೆ ಬ್ಲ್ಯಾಕ್‌ಬೆರಿ ಇಳುವರಿಯೇ ಕುಸಿಯುತ್ತದೆ, ರಾಸ್ಪ್‌ಬೆರಿ ಇನ್ನೂ ನಾಜೂಕು. ಮಾಳಿಗೆ ಮೇಲಿನ 12 ಇಂಚಿನ ಕಪ್ಪು ಕುಂಡ ಏಪ್ರಿಲ್ ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತದೆ, ಕುಂಡದ ಒಳಮೈಗೆ ಹತ್ತಿದ ಬೇರು ಬೆಂದುಹೋಗುತ್ತದೆ. 18 ಇಂಚಿನ, 40 ಲೀಟರಿಗೆ ಕಡಿಮೆಯಿಲ್ಲದ ತಿಳಿ ಬಣ್ಣದ ಕುಂಡಕ್ಕೆ ಬದಲಾಯಿಸಿ, ಹೊರಗೆ ಗೋಣಿತಟ್ಟು ಸುತ್ತಿ. ಕೆಂಪು ಮಣ್ಣು ಎರಡು ಪಾಲು, ಕೋಕೋಪೀಟ್ ಒಂದು, ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಒಂದು, ದಪ್ಪ ಮರಳು ಒಂದು. ಕೋಕೋಪೀಟನ್ನು ಮೂರು ಸಲ ಮಳೆ ನೀರಿನಲ್ಲಿ ನೆನೆಸಿ ಹಿಂಡಿ, ಅದರಲ್ಲೂ ಉಪ್ಪು ಇರುತ್ತದೆ. ಮೇಲೆ ಮೂರು ಇಂಚು ಕಬ್ಬಿನ ರವದಿ ಹಾಸಿ, ಬುಡಕ್ಕೆ ತಾಗದಂತೆ.

ಗೊಬ್ಬರಕ್ಕೆ ಅಮೋನಿಯಂ ಸಲ್ಫೇಟ್ ತಿಂಗಳಿಗೆ 10 ಗ್ರಾಂ, ಬೆಳೆಯುವ ಕಾಲದಲ್ಲಿ ಮಾತ್ರ. ಪೊಟ್ಯಾಷ್ ಬೇಕಾದಾಗ ಸಲ್ಫೇಟ್ ರೂಪದ್ದು. ಕೆಂಪು ಮ್ಯೂರಿಯೇಟ್ ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಇದಕ್ಕೆ ವಿಷ.

ಟಿಳಕವಾಡಿ_ಹಿತ್ತಲ

ಇಬ್ಬರಿಗೂ ಧನ್ಯವಾದ. ಬೂದಿ, ತತ್ತಿ ಸಿಪ್ಪೆ ನಿಲ್ಲಿಸಿದೆ, ಮಾಲಿಗೂ ಹೇಳಿದೆ. ಮಳೆ ನೀರು ವರ್ಷವಿಡೀ ಸಾಲುವುದಿಲ್ಲ, ಬೋರ್ ನೀರನ್ನೇ ಸರಿಮಾಡಲು ಆಗುತ್ತದೆಯೇ? ಆನ್‌ಲೈನ್‌ನಲ್ಲಿ 'ಮೈಸೂರು ರಾಸ್ಪ್‌ಬೆರಿ' ಗಿಡ, ಬ್ಲ್ಯಾಕ್‌ಬೆರಿ ಬೀಜ ಮಾರುತ್ತಾರೆ. ತೆಗೆದುಕೊಳ್ಳಬಹುದೇ?

ನವನಗರ_ಮಣ್ಣು

ಆಗುತ್ತದೆ. 10 ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಪಿಎಚ್ ಪಟ್ಟಿ ಅದ್ದಿ ನೋಡಿ. 6ರಿಂದ 6.5ಕ್ಕೆ ಬರುವವರೆಗೆ ಅರ್ಧರ್ಧ ಗ್ರಾಂ ಏರಿಸಿ. ಒಂದು ಬೋರಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ, ನಿಮ್ಮದನ್ನು ನೀವೇ ಅಳೆಯಬೇಕು. ಇದರಿಂದ ಬೈಕಾರ್ಬೊನೇಟ್ ಮುರಿಯುತ್ತದೆ, ಉಪ್ಪು ಹೋಗುವುದಿಲ್ಲ. ಸವಳು ನೀರಾದರೆ ಮಳೆ ನೀರು ಬೆರೆಸದೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದಿಡಿ. ನಿಂತ ನೀರಿನಲ್ಲಿ ಬೇರು ಕೊಳೆ ರೋಗ ಬಂದರೆ ಗಿಡ ಉಳಿಯುವುದಿಲ್ಲ.

ಗೋಕಾಕ_ಸಸಿಮಡಿ

ಬೀಜ ತಗೋಬ್ಯಾಡ್ರಿ ಅಕ್ಕಾರ. ಬ್ಲ್ಯಾಕ್‌ಬೆರಿ ಬೀಜದ ಸಿಪ್ಪಿ ಗಟ್ಟಿ, ತಿಂಗಳುಗಟ್ಲೆ ಒದ್ದಿ ಥಂಡಿಯೊಳಗಿಟ್ಟರೂ ಮೊಳಕಿ ಅರೆಬರೆ. ಹುಟ್ಟಿದ್ದೂ ತಾಯಿಗಿಡದಂಗ ಇರೂದಿಲ್ಲ.

ಗಿಡ ತಗೊಳ್ಳಾಕ ಹೋದಾಗ ಮೊದಲು ಮುಳ್ಳು ಮತ್ತ ಎಲಿ ನೋಡ್ರಿ. ಹಿಪ್ಪುನೇರಳೆ ಗಿಡಕ್ಕ 'ಬ್ಲ್ಯಾಕ್‌ಬೆರಿ' ಅಂತ ಚೀಟಿ ಹಚ್ಚಿ ಮಾರೂದು ಭಾಳ ಐತಿ. ಹಿಪ್ಪುನೇರಳೆ ಎಲಿ ಬಿಡಿ ಎಲಿ, ಮುರಿದ್ರ ಹಾಲು ಬರ್ತೈತಿ, ಕಾಂಡ ಮರದಂಗ. ಬ್ಲ್ಯಾಕ್‌ಬೆರಿ ಎಲಿ ಮೂರು ಇಲ್ಲಾ ಐದು ದಳದ್ದು, ಹಾಲು ಇಲ್ಲ. ಮುಳ್ಳಿಲ್ಲದ ತಳೀನೂ ಅದಾವು, ಅದಕ್ಕ ಬರೇ ಮುಳ್ಳು ನೋಡಿ ತೀರ್ಮಾನ ಬ್ಯಾಡ.

ಮೈಸೂರು ರಾಸ್ಪ್‌ಬೆರಿ ಅನ್ನೂದು ನಮ್ಮ ದೇಶದ್ದೇ ಜಾತಿ, ರೂಬಸ್ ನಿವಿಯಸ್. ಚಳಿ ಲೆಕ್ಕ ಬ್ಯಾಡದ್ದು, ಬೆಳಗಾವಿಗೆ ಕೆಂಪು ರಾಸ್ಪ್‌ಬೆರಿಕಿಂತ ಇದು ನೂರು ಪಾಲು ಛಲೋ. ಎಳೇ ಟೊಂಗಿ ಮ್ಯಾಲೆ ಬಿಳಿ ಬೂದಿ ಹಚ್ಚಿದಂಗ ಇರ್ತೈತಿ, ಎಲಿ ಕೆಳಗೂ ಬಿಳುಪು, ಮುಳ್ಳು ಕೊಕ್ಕಿಯಂಗ ಬಗ್ಗಿರ್ತಾವ. ಹಣ್ಣು ಮೊದಲು ಕೆಂಪು, ಪಕ್ವ ಆದಾಗ ಕಪ್ಪು. ಸಣ್ಣದು, ಬೀಜ ಜಾಸ್ತಿ. ಗೇಟು, ಓಡಾಡೂ ದಾರಿಯಿಂದ ಆರಡಿ ದೂರ ಹಚ್ಚ್ರಿ. ಬಾಗಿದ ತುದಿ ನೆಲಕ್ಕ ಹತ್ತಿದಲ್ಲೆಲ್ಲಾ ಬೇರು ಬಿಡ್ತೈತಿ, ಹಕ್ಕಿ ಬೀಜ ಚೆಲ್ತಾವ. ಗಲಪಾಗೋಸ್ ದ್ವೀಪದಾಗ ಇದು ಕಾಡು ನುಂಗೂ ಕಳೆ ಆಗೇತಿ. ಹಬ್ಬಾಕ ಬಿಡಬಾರದು.

ಆ ಗುಣಾನೇ ಸಸಿ ಮಾಡಾಕ ಉಪಯೋಗ. ಆಗಸ್ಟ್-ಸೆಪ್ಟೆಂಬರ್‌ದಾಗ ಟೊಂಗಿ ತುದಿಯನ್ನ ಸಣ್ಣ ಕುಂಡದಾಗ ನಾಕು ಇಂಚು ಆಳ ಹುಗಿದು ಮ್ಯಾಲೆ ಕಲ್ಲು ಇಡ್ರಿ. ಆರರಿಂದ ಎಂಟು ವಾರಕ್ಕ ಬಿಳಿ ಬೇರು ತುಂಬ್ತಾವ, ಆಮ್ಯಾಲೆ ತಾಯಿಯಿಂದ ಒಂದು ಗೇಣು ಬಿಟ್ಟು ಕತ್ತರಿಸ್ರಿ. ಬ್ಲ್ಯಾಕ್‌ಬೆರಿಗೂ ಇದೇ ರೀತಿ. ಬುಡದಾಗ ಗಂಟು ಗಂಟಾದ ಗಡ್ಡಿ ಕಂಡ ಗಿಡದಿಂದ ಮಾತ್ರ ಸಸಿ ಮಾಡಬ್ಯಾಡ್ರಿ, ಅದು ಬ್ಯಾಕ್ಟೀರಿಯಾ ರೋಗ, ಔಷಧ ಇಲ್ಲ. ಟೊಮ್ಯಾಟೊ, ಬದನಿ, ಮೆಣಸಿನಕಾಯಿ ಬೆಳೆದ ಮಡಿಯಾಗೂ ಮೂರು ವರ್ಷ ಹಚ್ಚಬ್ಯಾಡ್ರಿ, ಸೊರಗು ರೋಗ ಮಣ್ಣಾಗೇ ಕುಂತಿರ್ತೈತಿ.

ಇಂಡಿ_ದ್ರಾಕ್ಷಿಪಡ

ಫೆಬ್ರವರಿ ನಡುವಿನಿಂದ ಮೇ ಕೊನಿತನ 35% ಶೇಡ್ ನೆಟ್ ಕಟ್ರಿ, ಪಡುವಣ ಬಿಸಿಲಿಗೆ ಅಡ್ಡ ಆಗುವಂಗ. ಇಲ್ಲಾಂದ್ರ ಕಪ್ಪು ಹಣ್ಣಿನ ನಡುವ ಒಂದೊಂದು ಕಾಳು ಬೆಳ್ಳಗ ಉಳೀತದ. ಅದು ಹುಳ ಅಲ್ಲ, ಬಿಸಿಲು ಹೊಡೆದದ್ದು.

ಹೂ ಆದ ಮ್ಯಾಲೆ ಬ್ಲ್ಯಾಕ್‌ಬೆರಿ ಹಣ್ಣಾಗಾಕ 40ರಿಂದ 60 ದಿನ. ಹೊಳಪಿನ ಕಪ್ಪು ಕಂಡ ಕೂಡಲೇ ಹರೀಬ್ಯಾಡ್ರಿ, ಅದು ಇನ್ನೂ ಹುಳಿ, ಹರಿದಿಟ್ಟರ ಸಿಹಿ ಆಗಂಗಿಲ್ಲ. ಹೊಳಪು ಹೋಗಿ ಮಂಕು ಆಗಬೇಕು, ಮುಟ್ಟಿದ್ರ ಕೈಗೆ ಬೀಳಬೇಕು. ಬ್ಲ್ಯಾಕ್‌ಬೆರಿ ಒಳಗಿನ ಬಿಳಿ ದಿಂಡಿನ ಸಮೇತ ಬರ್ತದ. ರಾಸ್ಪ್‌ಬೆರಿ ಆ ದಿಂಡು ಗಿಡದಾಗೇ ಬಿಟ್ಟು, ಟೊಪ್ಪಿಗಿ ಹಂಗ ಪೊಳ್ಳಾಗಿ ಕಳಚ್ತದ. ಬೆಳಿಗ್ಗೆ ಇಬ್ಬನಿ ಆರಿದ ಮ್ಯಾಲೆ ಹರೀರಿ. ಒದ್ದಿ ಹಣ್ಣು ಮರುದಿನಕ್ಕ ಬೂದು ಬೂಸ್ಟು ಹಿಡೀತದ, ಹಿಂದಿನ ದಿನದ್ದು ಹರೀದೇ ಬಿಟ್ಟರ ಪಿಕಳಾರ ಹಕ್ಕಿಗೆ ಹೋಗ್ತದ.