ಅಪ್‌ಡೇಟ್: ಮಗಳ ಸನ್ನೆ ಭಾಷೆ, ಆರು ತಿಂಗಳ ನಂತರ

ಎರಡು ವರ್ಷದ ಮಗಳಿಗೆ ಕಿವಿ ಕೇಳಿಸುವುದಿಲ್ಲ, ಸನ್ನೆ ಭಾಷೆ ಕಲಿಸಿದರೆ ಮಾತು ನಿಂತುಹೋಗುತ್ತಾ ಅಂತ ಆರು ತಿಂಗಳ ಹಿಂದೆ ಕೇಳಿದ್ದೆ. ಇಲ್ಲ, ನಿಲ್ಲಲಿಲ್ಲ! ಹಿಯರಿಂಗ್ ಏಡ್ ಹಾಕಿಕೊಂಡೇ ಸನ್ನೆಯನ್ನೂ ಕಲಿಯುತ್ತಿದ್ದಾಳೆ. 'ಅಮ್ಮ' ಅಂತ ಬಾಯಲ್ಲೂ ಹೇಳುತ್ತಾಳೆ, ಕೈಯಲ್ಲೂ ಹೇಳುತ್ತಾಳೆ.

ಹಾಲು, ನೀರು, ಸಾಕು. ಈ ಮೂರರಿಂದ ಶುರು ಮಾಡಿದೆವು. ಭಾರತೀಯ ಸನ್ನೆ ಭಾಷೆಯ ಸರ್ಕಾರಿ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳ ವಿಡಿಯೋ ಇದೆ. ಆದರೆ ನಮಗೆ ಜಾಸ್ತಿ ಕಲಿಸಿದ್ದು ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ, ಕಿವಿ ಕೇಳಿಸದ ಅಕ್ಕ. ಸುಮ್ನೆ ಕೈ ಆಡಿಸಿದರೆ ಸಾಲದು, ಮುಖದಲ್ಲೂ ಭಾವ ಬರಬೇಕು, ಮಗು ನಮ್ಮ ಕಡೆ ನೋಡುವ ತನಕ ಕಾಯಬೇಕು ಅಂತ ತೋರಿಸಿದ್ದು ಅವರೇ.

ಮೊದಲು ಬೇಡ ಅಂದಿದ್ದ ನಮ್ಮತ್ತೆಯೂ ಈಗ ಕಲಿಯುತ್ತಿದ್ದಾರೆ. ನಿನ್ನೆ ಕಿಟಕಿ ಹತ್ತಿರ ಮಗಳು 'ಮಳೆ' ಅಂದಳು, ಕೈಯಲ್ಲೇ. ಅಜ್ಜಿ 'ಜೋರು ಮಳೆ' ಅಂತ ಉತ್ತರ ಕೊಟ್ಟರು.