ಅಪ್‌ಡೇಟ್: ಕಟಿಂಗ್ ಮಷೀನಿನ ಡ್ರಿಲ್ ತೂತು ಪಕ್ಕಕ್ಕೆ ಸರಿಯುತ್ತಿದ್ದದ್ದು

ಶರ್ಟ್ ಜೇಬಿನ ಗುರುತಿಗೆ ಹಾಕುವ ತೂತು, ನಲವತ್ತು ಪದರದ ಪಾಲಿಕಾಟನ್ (ಪಾಲಿಯೆಸ್ಟರ್-ಹತ್ತಿ ಮಿಶ್ರಣ) ಲೇಯಲ್ಲಿ, ಅಂದರೆ ಕತ್ತರಿಸಲು ಒಂದರ ಮೇಲೊಂದು ಹಾಸಿದ ಬಟ್ಟೆಯಲ್ಲಿ, ಜಾಗ ತಪ್ಪುತ್ತಿದೆ, ಕೆಳಗಿನ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬಗೆಹರಿಯಿತು. ತೊಂದರೆ ಒಂದಲ್ಲ, ಮೂರು ಇದ್ದವು!

ನಿಮ್ಮಲ್ಲೊಬ್ಬರು ಹೇಳಿದಂತೆ ಮೇಲಿನ, ನಡುವಿನ, ತಳದ ಪದರ ತೆಗೆದು ಪ್ಯಾಟರ್ನ್ ಮೇಲಿಟ್ಟು ಅಳೆದೆ. ಮೂರರಲ್ಲೂ 2 ಮಿ.ಮೀ. ಒಂದೇ ದಿಕ್ಕಿಗೆ ಸರಿದಿತ್ತು. ಅದು ಟೂಲ್ ಆಫ್‌ಸೆಟ್ ತಪ್ಪು: ಡ್ರಿಲ್ ಬದಲಿಸಿದ ಮೇಲೆ ಚಾಕುವಿಗೂ ಡ್ರಿಲ್ಲಿಗೂ ಇರುವ ಅಂತರವನ್ನು ಯಾರೂ ಮತ್ತೆ ಹೊಂದಿಸಿರಲಿಲ್ಲ. (ಆ 'ಯಾರೂ' ನಾನೇ.) ತಳದ ಪದರದಲ್ಲಿ ಮಾತ್ರ ಇನ್ನೊಂದು ಮಿ.ಮೀ. ಹೆಚ್ಚಿಗೆ ವಾಲಿತ್ತು. ಮಷೀನು ಮೊದಲು ತುಂಡುಗಳ ಅಂಚು ಕತ್ತರಿಸಿ ಆಮೇಲೆ ತೂತು ಹಾಕುತ್ತಿತ್ತು. ಅಂಚು ಕತ್ತರಿಸಿದ ಕಡೆ ಲೇ ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಸೀಳಿ, ಗಾಳಿ ಸೋರಿ, ವ್ಯಾಕ್ಯೂಮ್ ಹಿಡಿತ (ಕೆಳಗಿನಿಂದ ಗಾಳಿ ಎಳೆದು ಬಟ್ಟೆಯನ್ನು ಅದುಮಿ ಹಿಡಿಯುವುದು) ಸಡಿಲವಾಗುತ್ತದೆ. ಆಮೇಲೆ ಡ್ರಿಲ್ ಇಳಿದರೆ ಬಟ್ಟೆ ಅಲುಗದೆ ಇರುತ್ತದೆಯೇ? ಕ್ರಮ ತಿರುಗಿಸಿದೆ: ಮೊದಲು ತೂತು, ಕೊನೆಗೆ ಅಂಚು.

ಅಂಟುವುದಕ್ಕೆ ಕಾರಣ ಬಿಸಿ. ಮೊಂಡಾದ ಡ್ರಿಲ್ ಉಜ್ಜಿ ಪಾಲಿಯೆಸ್ಟರ್ ಕರಗುತ್ತಿತ್ತು. ಹೊಸ ಟೊಳ್ಳು ಡ್ರಿಲ್ ಹಾಕಿ ವೇಗ ಇಳಿಸಿದೆ, ಪದರ ಮೂವತ್ತಕ್ಕೆ ತಂದೆ. ಮಾಲೀಕರಿಗೆ ಪದರ ಕಡಿಮೆ ಮಾಡಿದ್ದು ಹಿಡಿಸಿಲ್ಲ, ಆದರೆ ಹೊಲಿಗೆ ಲೈನಿನಿಂದ ವಾಪಸ್ ಬರುವ ತುಂಡುಗಳು ನಿಂತಿವೆ.

ನಿಟ್ ಬಟ್ಟೆಯಲ್ಲಿ (ಟೀ-ಶರ್ಟಿನಂಥ ಹೆಣಿಗೆ ಬಟ್ಟೆ) ತೂತು ಮುಚ್ಚಿಕೊಂಡು ಕಾಣದೇ ಹೋಗುವ ಗೋಳು ಹಾಗೇ ಇದೆ. ಅದನ್ನು ಬೇರೆಯಾಗಿ ಕೇಳುತ್ತೇನೆ.