ಬೀಜದೆಣ್ಣೆಯ ಬರಹದಲ್ಲಿ ‘ಒಣಗುವ’, ‘ಆರಿಸಿದ’, ‘ನಿಷ್ಕರ್ಷಣೆ’

ಪ್ರಶ್ನೆ: ಬೀಜವನ್ನು ಒಣಗಿಸುವ ಮತ್ತು ಎಣ್ಣೆ ತೆಗೆಯುವ ವಿಧಾನಗಳಿಂದ ಎಣ್ಣೆಯ ಸಂಯೋಜನೆ ಹೇಗೆ ಬದಲಾಗುತ್ತದೆ ಎಂಬ ಲೇಖನವನ್ನು ತಿದ್ದುತ್ತಿದ್ದೇನೆ. ಎಣ್ಣೆ ತೆಗೆಯುವ ಎಲ್ಲ ಬಗೆಗೂ ‘ನಿಷ್ಕರ್ಷಣೆ’ ಎಂದೇ ಇದೆ, ಸರಿಯೇ? ‘ಆರಿಸಿದ ಬೀಜ’ ಎಂಬ ಮಾತೂ ಬರುತ್ತದೆ, ಅದು ಸ್ಪಷ್ಟವೇ? ಅಗಸೆ ಎಣ್ಣೆಯನ್ನು ‘ಒಣಗುವ ಎಣ್ಣೆ’ ಎಂದಿದ್ದಾರೆ. ಒಣಗಿಸಿದ ಬೀಜದ ಎಣ್ಣೆ ಎಂದು ತಿಳಿಯಬೇಕೇ?

ಉತ್ತರ: ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಒಣಗುವ ಎಣ್ಣೆ’ಗೂ ಬೀಜದ ತೇವಕ್ಕೂ ಸಂಬಂಧವಿಲ್ಲ. ಬಟ್ಟೆ ಒಣಗಿದರೆ ನೀರು ಹೋಗಿ ಹಗುರಾಗುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಬಳಿದಿಟ್ಟರೆ ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೊದಲು ತೂಕವನ್ನೇ ಹೆಚ್ಚಿಸಿಕೊಳ್ಳುತ್ತದೆ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪೊರೆಯಾಗುತ್ತದೆ. ‘ಪೊರೆಗಟ್ಟುವ ಎಣ್ಣೆ’ ಎಂದು ಬರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಅಯೋಡಿನ್ ಮೌಲ್ಯ (ಎಣ್ಣೆಯ ಅಣುಗಳಲ್ಲಿ ದ್ವಿಬಂಧಗಳು ಎಷ್ಟಿವೆ ಎಂಬುದರ ಅಳತೆ) ಸುಮಾರು 130 ದಾಟಿದ ಎಣ್ಣೆಗಳನ್ನು ಈ ಗುಂಪಿಗೆ ಸೇರಿಸುವ ವಾಡಿಕೆಯಿದೆ. ಅಗಸೆಯದು ಸಾಮಾನ್ಯವಾಗಿ 170ರ ಮೇಲೆ. ಇದು ಬರೀ ಪದದ ಮಾತಲ್ಲ. ತೇವಾಂಶ ಅಳೆಯಲು ಅಗಸೆಯ ಪುಡಿಯನ್ನು 103 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ, ಒಂದೆಡೆ ನೀರು ಹೋಗುತ್ತಿರುವಾಗಲೇ ಇನ್ನೊಂದೆಡೆ ಆಮ್ಲಜನಕ ಸೇರುತ್ತಿರುತ್ತದೆ. ತೇವ ಇದ್ದದ್ದಕ್ಕಿಂತ ಕಡಿಮೆ ಎಂದು ತೋರಬಹುದು. ಆ ಪುಡಿಯಿಂದಲೇ ಎಣ್ಣೆ ತೆಗೆದು ಗುಣ ಪರೀಕ್ಷಿಸುವುದಂತೂ ಸಲ್ಲದು.

‘ಆರಿಸು’ ಇನ್ನೂ ಜಾರುವ ಪದ. ನೆರಳಲ್ಲಿ ಆರಿಸಿದರೆ ತೇವ ಹೋಯಿತು, ಹುರಿದು ಆರಿಸಿದರೆ ಬಿಸಿ ಹೋಯಿತು, ಬೀಜ ಆರಿಸಿದರೆ ಕಲ್ಲು ಕಸ ಹೋಯಿತು! ವಿಧಾನ ಬರೆಯುವಾಗ ಒಣಗಿಸು, ತಣಿಸು, ಹೆಕ್ಕು ಎಂದು ಬಿಡಿಸಿ ಬರೆಯಬೇಕು. ‘ಹುರಿ’ಯನ್ನು ಒಣಗಿಸುವುದರಲ್ಲಿ ಸೇರಿಸಬೇಡಿ. ಹುರಿದಾಗ ಕಿಣ್ವಗಳು ನಿಷ್ಕ್ರಿಯವಾಗುತ್ತವೆ, ಬಣ್ಣ ಮತ್ತು ವಾಸನೆಯ ಹೊಸ ವಸ್ತುಗಳು ಹುಟ್ಟುತ್ತವೆ.

ಇನ್ನು ‘ನಿಷ್ಕರ್ಷಣೆ’. ಹೊರಗೆಳೆಯುವುದು ಎಂಬ ಮೂಲಾರ್ಥ ಸರಿಯೇ ಇದೆ. ಆದರೆ ‘ನಿಷ್ಕರ್ಷೆ’ಯನ್ನು ತೀರ್ಮಾನ ಎಂದು ಬಲ್ಲ ಓದುಗ ಇಲ್ಲಿ ಎಡವುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಈ ಪದ ಎಣ್ಣೆ ತೆಗೆದ ಬಗೆಯನ್ನೇ ಮುಚ್ಚಿಡುತ್ತದೆ. ಯಂತ್ರದಲ್ಲಿ ಹಿಂಡಿದರೆ ಹಿಂಡಿಯಲ್ಲಿ ಶೇ 6–10ರಷ್ಟು ಎಣ್ಣೆ ಉಳಿಯುವುದು ಸಾಮಾನ್ಯ. ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ ತೆಗೆದರೆ ಶೇ 1ಕ್ಕೂ ಕಡಿಮೆ. ಹೆಕ್ಸೇನ್ ಎಣ್ಣೆಯ ಜೊತೆ ಫಾಸ್ಫೋಲಿಪಿಡ್‌ಗಳನ್ನೂ (ರಂಜಕವಿರುವ ಮೇದಸ್ಸಿನಂಥ ವಸ್ತುಗಳು) ಹೆಚ್ಚಾಗಿ ಎಳೆದು ತರುತ್ತದೆ, ಆ ಅಂಟನ್ನು ಆಮೇಲೆ ಬೇರ್ಪಡಿಸಬೇಕು. ದ್ರಾವಕವಾಗಿ ಬಳಸುವ ಒತ್ತಡದ ಇಂಗಾಲದ ಡೈಆಕ್ಸೈಡಿನಲ್ಲಿ (31 ಡಿಗ್ರಿ, 74 ಬಾರ್ ದಾಟಿದ ಸ್ಥಿತಿ) ಫಾಸ್ಫೋಲಿಪಿಡ್‌ಗಳು ಕರಗುವುದೇ ಇಲ್ಲ ಎನ್ನಬಹುದು. ಹಾಗಾಗಿ ‘ಹಿಂಡಿ ತೆಗೆದ’, ‘ದ್ರಾವಕದಲ್ಲಿ ಕರಗಿಸಿ ತೆಗೆದ’ ಎಂದೇ ಇರಲಿ. ಒಟ್ಟಾಗಿ ಹೇಳಲು ‘ಎಣ್ಣೆ ತೆಗೆಯುವುದು’ ಸಾಕು.

ನೀವು ಕೇಳದ ಒಂದು ಪದವೂ ಇದೆ, ‘ಸಂಯೋಜನೆ’. ಎಣ್ಣೆಯ ಅಣುವನ್ನು ಕಟ್ಟುವ ಮೇದಾಮ್ಲಗಳಲ್ಲಿ ಯಾವುದು ಎಷ್ಟಿದೆ ಎಂಬುದು ಹೆಚ್ಚಾಗಿ ಸಸ್ಯ, ತಳಿ ಮತ್ತು ಕಾಳು ಬಲಿಯುವಾಗಿನ ಹವೆಯಿಂದ ನಿರ್ಧಾರವಾಗುತ್ತದೆ. ಹದವಾಗಿ ಒಣಗಿಸಿದರೆ ಅದು ಅಷ್ಟಾಗಿ ಕದಲದು. ಕದಲುವುದು ಬೇರೆ. ಬೀಜ ಒದ್ದೆಯಾಗಿ ಬಹಳ ಹೊತ್ತು ಕುಳಿತರೆ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆದು ಮುಕ್ತ ಮೇದಾಮ್ಲ ಏರಿಸುತ್ತದೆ. ಕಾವು ಮಿತಿಮೀರಿದರೆ ಎಣ್ಣೆಯನ್ನು ಕೆಡದಂತೆ ಕಾಯುವ ಟೋಕೋಫೆರಾಲ್ (ವಿಟಮಿನ್ ಇ) ನಾಶವಾಗುತ್ತಾ ಹೋಗಿ ಎಣ್ಣೆ ಕಮಟಾಗುವ ದಾರಿ ಹಿಡಿಯುತ್ತದೆ. ಪೆರಾಕ್ಸೈಡ್ ಮೌಲ್ಯ (ಆಮ್ಲಜನಕ ಸೇರಿ ಮೊದಲು ಹುಟ್ಟುವ ಪೆರಾಕ್ಸೈಡ್‌ಗಳ ಅಳತೆ) ಕಡಿಮೆ ಬಂತೆಂದು ಸಮಾಧಾನಪಡುವಂತಿಲ್ಲ, ಹೆಚ್ಚು ಬಿಸಿಯಲ್ಲಿ ಪೆರಾಕ್ಸೈಡ್‌ಗಳೇ ಒಡೆದುಹೋಗುತ್ತವೆ. ಅವು ಒಡೆದು ಹುಟ್ಟುವ ಆಲ್ಡಿಹೈಡ್‌ಗಳನ್ನು ಅಳೆಯುವ ಅನಿಸಿಡಿನ್ ಮೌಲ್ಯವನ್ನೂ ನೋಡಬೇಕು. ಮೊದಲನೆಯದಕ್ಕೆ ‘ಮೇದಾಮ್ಲಗಳ ಪ್ರಮಾಣ’ ಎನ್ನಿ, ಉಳಿದವುಗಳಿಗೆ ‘ಎಣ್ಣೆಯ ಗುಣಮಟ್ಟ’ ಎನ್ನಿ. ಎರಡನ್ನೂ ‘ಸಂಯೋಜನೆ’ಯಲ್ಲಿ ತುಂಬಿದರೆ, ಬಿಸಿಲಿಗೆ ಅಗಸೆಯ ಮುಖ್ಯ ಮೇದಾಮ್ಲವಾದ ಲಿನೋಲೆನಿಕ್ ಆಮ್ಲವೇ ಮಾಯವಾಯಿತೆಂದು ಓದುಗ ನಂಬುತ್ತಾನೆ.

ವಿಧಾನದ ವಾಕ್ಯ ಹೀಗಿರಬಹುದು: ‘ಬೀಜವನ್ನು ಹೆಕ್ಕಿ, 40 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 7ಕ್ಕೆ ಇಳಿಯುವವರೆಗೆ ಒಣಗಿಸಿ, ತಣಿಸಿ, ಎಣ್ಣೆ ತೆಗೆಯುವ ಮುಂಚೆಯಷ್ಟೇ ಪುಡಿ ಮಾಡಿ, ಹೆಕ್ಸೇನಿನಲ್ಲಿ ಕರಗಿಸಿ ಎಣ್ಣೆ ತೆಗೆಯಲಾಯಿತು.’ ‘ಮುಂಚೆಯಷ್ಟೇ’ ಎಂಬುದನ್ನು ಬಿಡಬೇಡಿ. ಪುಡಿಯಾದ ಬೀಜದ ಎಣ್ಣೆ ಗಾಳಿಗೆ ತೆರೆದುಕೊಂಡಿರುತ್ತದೆ.